ನಮ್ಮದಲ್ಲದ ಹಬ್ಬದ ಕೇಕು



ಪ್ರತಿ ವರ್ಷ ನವೆಂಬರ್ ತಿಂಗಳ ಮೊದಲ ವಾರದಲ್ಲಿ ನಾನು ಒಣಹಣ್ಣುಗಳನ್ನು ಹೆಚ್ಚಿ ರಮ್ಮಿನಲ್ಲಿ ನೆನೆಹಾಕುತ್ತೇನೆಂಬುದು ನಿಮ್ಮಲ್ಲಿ ಬಹುಮಂದಿಗೆ ತಿಳಿದ ಸಂಗತಿ. ಈ ವರ್ಷ ಆ ಗಾಜಿನ ಭರಣಿಯ ಚಿತ್ರವನ್ನು ನನ್ನ ಸೊಸೆ ಮನೆಮಂದಿಯ ವಾಟ್ಸಾಪ್ ಬಳಗದಲ್ಲಿ ಹಾಕಿದಳು. ಐದು ನಿಮಿಷ ಕಳೆಯುವುದರೊಳಗೆ ನನ್ನ ತಂಗಿಯ ಮಗನ ಆಕ್ಷೇಪ ಬಂತು: “ದೊಡ್ಡಮ್ಮ, ಇದು ನಮ್ಮ ಹಬ್ಬವಲ್ಲ. ಮಕ್ಕಳಿಗೆ ಪಾಠ ಹೇಳಿದವರು ನೀವೇ ಹೀಗೆ ಮಾಡಿದರೆ ಹೇಗೆ?” ಅದಕ್ಕೆ ಹಲವರು ಹೆಬ್ಬೆರಳೆತ್ತಿದರು. ಮತ್ತೊಬ್ಬ ಬಂಧುಗಳು, ಜಗಳ ಬಿಡಿಸುವ ಸದುದ್ದೇಶದಿಂದ, “ಎಲ್ಲ ಹಬ್ಬಗಳೂ ನಮ್ಮವೇ” ಎಂದು ಬರೆದು, ಕುಣಿಯುವ ಸಾಂತಾ ಕ್ಲಾಸನ ಚಿತ್ರವೊಂದನ್ನು ಕೆಳಗೆ ಅಂಟಿಸಿದರು. ಅದಕ್ಕೂ ಹೆಬ್ಬೆರಳುಗಳು ಎದ್ದವು. ಎರಡು ಮಾತಿಗೂ ಹೆಬ್ಬೆರಳೆತ್ತಿದವರು ಮೂವರು. ಅವರ ಹೆಸರು ಹೇಳುವುದಿಲ್ಲ, ಅವರಿಗೆ ಗೊತ್ತಿದೆ.

ಫೋನಿನ ಪುಟ್ಟ ಪರದೆಯ ಮೇಲೆ ವಾದ ಹೂಡುವ ಅಭ್ಯಾಸ ನನಗಿಲ್ಲವಾದುದರಿಂದ ಇಲ್ಲಿ ಬರೆಯುತ್ತಿದ್ದೇನೆ. ಇಬ್ಬರಿಗೂ ಉತ್ತರ ಕೊಡಬೇಕಾಗಿದೆ. ಇಬ್ಬರೂ ತಪ್ಪೆಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಕೇಕಿನ ವಿಷಯವನ್ನೇ ಹೇಳಿಬಿಡುತ್ತೇನೆ, ಏಕೆಂದರೆ ಆಕ್ಷೇಪಿಸುವವರು ಯಾರೂ ಅದನ್ನು ಮಾಡಿ ನೋಡಿದವರಲ್ಲ. ಒಂದು ಕೇಕಿಗೆ ಹಣ್ಣು ಅರ್ಧ ಕಿಲೋ: ಕಪ್ಪು ಒಣದ್ರಾಕ್ಷಿ, ಖರ್ಜೂರ, ಸಕ್ಕರೆಯ ಪಾಕದಲ್ಲಿ ಬೇಯಿಸಿದ ಕಿತ್ತಳೆ ಸಿಪ್ಪೆ, ಟೂಟಿ ಫ್ರೂಟಿ ಎಂಬ ವಿಲಾಯಿತಿ ಹೆಸರನ್ನು ಹೊತ್ತ ನಮ್ಮ ಹಿತ್ತಲ ಪಪ್ಪಾಯಿಕಾಯಿ, ಜೊತೆಗೆ ಒಂದು ಹಿಡಿ ಗೇರುಬೀಜ. ಮೈದಾ, ಬೆಣ್ಣೆ, ಸಕ್ಕರೆ ತಲಾ ಕಾಲು ಕಿಲೋ, ಮೊಟ್ಟೆ ಐದು. ರಮ್ಮನ್ನು ತಂದುಕೊಡುವವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ನಿವೃತ್ತ ಶಿಕ್ಷಕಿಯು ಆ ಅಂಗಡಿಯ ಮುಂದೆ ನಿಲ್ಲುವುದು ಊರಿಗೆ ಒಳ್ಳೆಯದಲ್ಲವೆಂದು ಅವನೇ ನಿರ್ಧರಿಸಿದ್ದಾನೆ. ಅತ್ಯಂತ ಕಷ್ಟದ ಕೆಲಸ ಸಕ್ಕರೆಯನ್ನು ಸುಡುವುದು. ಬಾಣಲೆಯಲ್ಲಿ ಸಕ್ಕರೆ ಕರಗಿ, ಹೊಂಬಣ್ಣಕ್ಕೆ ತಿರುಗಿ, ಕೆಂಪಾಗಿ, ಕಪ್ಪಾಗುವುದಕ್ಕೂ ಕಹಿಯಾಗುವುದಕ್ಕೂ ನಡುವೆ ಸಿಗುವ ಕೆಲವೇ ಕ್ಷಣಗಳಲ್ಲಿ ಬಿಸಿನೀರನ್ನು ಸುರಿಯಬೇಕು. ಅದು ಹಾವಿನಂತೆ ಬುಸುಗುಟ್ಟಿ ಮೇಲೇಳುತ್ತದೆ. ನನ್ನ ಎಡಗೈಯ ಮೇಲೆ ಅದರ ಗುರುತು ಎರಡಿವೆ. ಕೇಕಿಗೆ ಆ ಗಾಢವಾದ ಬಣ್ಣ ಬರುವುದು ಈ ಸುಟ್ಟ ಸಕ್ಕರೆಯಿಂದ. ಹಣ್ಣುಗಳು ತಳಕ್ಕೆ ಇಳಿಯದಿರಲೆಂದು ಅವುಗಳನ್ನು ಸ್ವಲ್ಪ ಮೈದಾದಲ್ಲಿ ಹೊರಳಿಸಿ ಕೊನೆಯಲ್ಲಿ ಸೇರಿಸುತ್ತೇನೆ. ನೂರರವತ್ತು ಡಿಗ್ರಿಯ ಓವನಿನಲ್ಲಿ ಸುಮಾರು ಎರಡು ಗಂಟೆ. ತೆಂಗಿನ ಹಿಡಿಕಡ್ಡಿಯನ್ನು ನಡುವೆ ಚುಚ್ಚಿ ತೆಗೆದರೆ ಏನೂ ಅಂಟಿರಬಾರದು.

ಈ ಎರಡು ಗಂಟೆ ಅಡುಗೆಮನೆ ಬಿಟ್ಟು ಕದಲುವಂತಿಲ್ಲ. ಆದುದರಿಂದ ಅಲ್ಲಿಯೇ ಒಂದು ಮಣೆ ಹಾಕಿಕೊಂಡು ಓದುತ್ತೇನೆ. ಹದಿನೈದು ವರ್ಷಗಳಿಗೂ ಮೇಲಾಯಿತು, ಓದುವುದು ಅವೇ ಮೂರು. ಅವುಗಳ ಮಾತು ಮುಂದೆ ಬರುತ್ತದೆ.

ಈಗ ನನ್ನ ತಂಗಿಯ ಮಗನಿಗೆ. ಮಗೂ, ಕ್ರಿಸ್ಮಸ್ ನಮ್ಮ ಹಬ್ಬವಲ್ಲವೆಂದು ನೀನು ಹೇಳಿದ್ದು ಅಕ್ಷರಶಃ ನಿಜ. ನಾನು ದೀಕ್ಷಾಸ್ನಾನ ಪಡೆದವಳಲ್ಲ, ಡಿಸೆಂಬರ್ 24ರ ನಡುರಾತ್ರಿಯ ಪೂಜೆಗೆ ಹೋಗುವವಳಲ್ಲ, ಆ ಶಿಶುವನ್ನು ಜಗದ ರಕ್ಷಕನೆಂದು ನಂಬಿದವಳೂ ಅಲ್ಲ. ನಂಬಿದವರಿಗೆ ಆ ಹಬ್ಬ ಏನೋ, ಅದು ನನಗೆ ಎಂದೂ ಆಗಲಾರದು. ಆದುದರಿಂದಲೇ “ಎಲ್ಲ ಹಬ್ಬಗಳೂ ನಮ್ಮವೇ” ಎಂಬ ಮಾತು ನನಗೆ ಹಿಡಿಸುವುದಿಲ್ಲ. ಇನ್ನೊಬ್ಬರ ಮನೆಯ ಅಂಗಳಕ್ಕೆ ಕಾಲಿಟ್ಟೊಡನೆ “ಇದೂ ನಮ್ಮದೇ ಮನೆ” ಎಂದು ಸಾರುವವನು ಆದರದಿಂದಲೇ ಹಾಗೆ ಹೇಳುತ್ತಿರಬಹುದು. ಮನೆಯ ಯಜಮಾನನಿಗೆ ಮಾತ್ರ ಎದೆಯೊಳಗೆ ಸಣ್ಣದೊಂದು ದಿಗಿಲು ಹುಟ್ಟುತ್ತದೆ. ಹಾಗೆ ಸಾರುವವರು ಆ ಹಬ್ಬದ ಬಗ್ಗೆ ತಿಳಿದುಕೊಂಡಿರುವುದಾದರೂ ಏನು? ಕೆಂಪು ಟೋಪಿ, ಹತ್ತಿಯ ಗಡ್ಡ, ಮಾಲಿನಲ್ಲಿ ನಿಂತ ಪ್ಲಾಸ್ಟಿಕ್ ಮರ. ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯವನ್ನು ತೆರೆದು ನೋಡಿದರೆ ಇವು ಒಂದೂ ಅಲ್ಲಿಲ್ಲ. ಜನಗಣತಿಗೆಂದು ಊರು ಬಿಟ್ಟು ನಡೆದ ಬಡ ದಂಪತಿಗಳಿದ್ದಾರೆ, ಛತ್ರದಲ್ಲಿ ಸಿಗದ ಜಾಗವಿದೆ, ಗೋದಲಿಯಲ್ಲಿ ಮಲಗಿದ ಕೂಸಿದೆ, ರಾತ್ರಿ ಹೊಲದಲ್ಲಿ ಕುರಿ ಕಾಯುವವರಿದ್ದಾರೆ. ತಾರೀಖು ಕೂಡ ಇಲ್ಲ. ಡಿಸೆಂಬರ್ 25 ಎಂಬುದು ಅನಂತರದವರು ನಿಗದಿಪಡಿಸಿದ ದಿನ.

ಆದರೆ “ನಮ್ಮದಲ್ಲ, ಆದುದರಿಂದ ಬೇಡ” ಎಂಬ ನಿನ್ನ ತರ್ಕಕ್ಕೆ ಒಂದು ಪೂರ್ವೇತಿಹಾಸವಿದೆ. ಅದನ್ನು ನೀನು ತಿಳಿದಿರುವುದು ಒಳ್ಳೆಯದು. ಕ್ರಿಸ್ಮಸ್ಸನ್ನು ಕಾನೂನು ಮಾಡಿ ನಿಷೇಧಿಸಿದವರು ಕಟ್ಟಾ ಕ್ರೈಸ್ತರೇ. 1647ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು, ಪ್ಯೂರಿಟನ್ನರ ಪ್ರಾಬಲ್ಯದ ಕಾಲದಲ್ಲಿ, ಆ ಹಬ್ಬವನ್ನೇ ರದ್ದುಮಾಡಿತು. ಬೈಬಲ್ಲಿನಲ್ಲಿ ಇಲ್ಲದ್ದು, ಹಳೆಯ ಅನ್ಯಮತಗಳ ಮೋಜು, ಅದು ನಮ್ಮದಲ್ಲ ಎಂಬುದು ಅವರ ವಾದ. ಕಡಲಾಚೆ ಮ್ಯಾಸಚೂಸೆಟ್ಸಿನಲ್ಲಿ ಅದೇ ಪಂಥದವರು 1659ರಲ್ಲಿ, ಆ ದಿನ ಕೆಲಸ ಬಿಟ್ಟು ಹಬ್ಬ ಆಚರಿಸಿದವರಿಗೆ ಐದು ಶಿಲ್ಲಿಂಗ್ ದಂಡವೆಂದು ಗೊತ್ತುಮಾಡಿದರು. ಆ ಕಾನೂನು ಹೋದದ್ದು 1681ರಲ್ಲಿ. ಸ್ಕಾಟ್ಲೆಂಡಿನಲ್ಲಿ ಕ್ರಿಸ್ಮಸ್ ಸಾರ್ವಜನಿಕ ರಜೆಯಾದದ್ದು 1958ರಲ್ಲಿ. ಆಗ ನಾನು ಸ್ಲೇಟು ಹಿಡಿದು ಶಾಲೆಗೆ ಹೋಗುತ್ತಿದ್ದೆ. ಶುದ್ಧಿಯ ಹುಡುಕಾಟಕ್ಕೆ ಹೊರಟವರು ಕೊನೆಗೆ ತಮ್ಮ ಮನೆಯ ಒಲೆಯನ್ನೇ ಆರಿಸಿಕೊಂಡರು. ನಮ್ಮ ಕಡೆಯ ಕತೆ ಬೇಕಿದ್ದರೆ ಮಂಗಳೂರಿನಿಂದ ರೈಲಿನಲ್ಲಿ ಕೆಲವೇ ಗಂಟೆಯ ದಾರಿಯ ತಲಶ್ಶೇರಿಗೆ ಹೋಗಬೇಕು. ಮಂಬಳ್ಳಿ ಬಾಪು ಎಂಬ ಬೇಕರಿಯವರು, ಮರ್ಡಾಕ್ ಬ್ರೌನ್ ಎಂಬ ತೋಟದ ದೊರೆ ವಿಲಾಯಿತಿಯಿಂದ ತಂದ ಕೇಕಿನ ರುಚಿ ನೋಡಿ, 1883ರಲ್ಲಿ ತಮ್ಮ ಒಲೆಯಲ್ಲಿ ಅಂಥದೇ ಒಂದನ್ನು ಬೇಯಿಸಿಕೊಟ್ಟರೆಂದೂ, ಫ್ರೆಂಚ್ ಮದ್ಯದ ಬದಲಿಗೆ ಗೇರುಹಣ್ಣು ಮತ್ತು ಬಾಳೆಹಣ್ಣಿನಿಂದ ತಾವೇ ಕಾಯಿಸಿದ್ದನ್ನು ಹಾಕಿದರೆಂದೂ ಅಲ್ಲಿಯವರು ಹೇಳುತ್ತಾರೆ. ಬಾಪು ಅವರು ಕ್ರೈಸ್ತರಾಗಿರಲಿಲ್ಲ.

ಇನ್ನು ಓದಿನ ಮಾತು. ಡಿಕನ್ಸನ ‘ಎ ಕ್ರಿಸ್ಮಸ್ ಕ್ಯಾರಲ್’ ಪ್ರಕಟವಾದದ್ದು 1843ರ ಡಿಸೆಂಬರಿನಲ್ಲಿ. (ಅದೇ ವರ್ಷದ ಜುಲೈಯಲ್ಲಿ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಟಿತ್ತು. ಬಾಸೆಲ್ ಮಿಶನ್ನಿನ ಮೋಗ್ಲಿಂಗರು ಬಂದದ್ದು ಮತಪ್ರಚಾರಕ್ಕೆ. ಅದನ್ನು ಮರೆಮಾಚುವ ಅಗತ್ಯವಿಲ್ಲ. ಪತ್ರಿಕೆಯನ್ನು ಮರೆಯುವ ಅಗತ್ಯವೂ ಇಲ್ಲ.) ಆ ಪುಸ್ತಕದ ಬೆಲೆ ಐದು ಶಿಲ್ಲಿಂಗ್. ಮ್ಯಾಸಚೂಸೆಟ್ಸಿನ ದಂಡವೂ ಅಷ್ಟೇ ಎಂಬುದು ಕಾಕತಾಳೀಯ. ಕತೆಯಲ್ಲಿ ಸ್ಕ್ರೂಜನ ಗುಮಾಸ್ತ ಬಾಬ್ ಕ್ರ್ಯಾಚಿಟ್ಟನ ವಾರದ ಸಂಬಳ ಹದಿನೈದು ಶಿಲ್ಲಿಂಗ್. ಎಂದರೆ ತನ್ನ ಬಡತನವನ್ನು ಕುರಿತ ಪುಸ್ತಕವನ್ನು ಕೊಳ್ಳಲು ಬಾಬನು ಎರಡು ದಿನ ದುಡಿಯಬೇಕಾಗಿತ್ತು. ತರಗತಿಯಲ್ಲಿ ನಾನು ಈ ಲೆಕ್ಕವನ್ನು ನಿಮ್ಮಿಂದ ಮಾಡಿಸುತ್ತಿದ್ದೆ, ನೆನಪಿದೆಯೇ?

ಆ ಪುಸ್ತಕದ ವಿಷಯದಲ್ಲಿ ನನಗೆ ಪ್ರೀತಿಯೂ ಇದೆ, ಸಿಟ್ಟೂ ಇದೆ. ಸಿಟ್ಟೇಕೆಂದರೆ, ಒಂದೇ ರಾತ್ರಿಯಲ್ಲಿ ಮನಸ್ಸು ಕರಗಿದ ಧನಿಕನು ದೊಡ್ಡದೊಂದು ಟರ್ಕಿ ಕೋಳಿಯನ್ನು ಕಳುಹಿಸಿ, ಗುಮಾಸ್ತನ ಸಂಬಳ ಏರಿಸಿದೊಡನೆ ಕತೆ ಸುಖಾಂತವಾಗಿಬಿಡುತ್ತದೆ. 1834ರ ಕಾಯಿದೆಯಂತೆ ಬಡವರನ್ನು ತಳ್ಳುತ್ತಿದ್ದ ಆ ದುಡಿಮೆಯ ಮನೆಗಳು ಮರುದಿನವೂ ಇದ್ದಲ್ಲೇ ಇದ್ದವು. ಪ್ರೀತಿಯೇಕೆಂದರೆ ಅದರೊಳಗಿನ ಒಲೆಗಳ ವಿವರಕ್ಕಾಗಿ. ಕ್ರ್ಯಾಚಿಟ್ಟರ ಮನೆಯಲ್ಲಿ ಓವನ್ ಇಲ್ಲ. ಅವರ ಹೆಬ್ಬಾತು ಬೆಂದುಬರುವುದು ಬೇಕರಿಯಿಂದ, ಕಡುಬು ಬೇಯುವುದು ಬಟ್ಟೆ ಒಗೆಯುವ ಹಂಡೆಯಲ್ಲಿ. ಆ ಕಾಲದ ಲಂಡನ್ನಿನ ಬಡವರಿಗೆ ಬೇಕರಿಯ ಒಲೆಯೇ ಗತಿ. ಭಾನುವಾರ ಬೇಕರಿಗಳನ್ನು ಮುಚ್ಚಿಸಬೇಕೆಂದು ಧರ್ಮದ ಹೆಸರಿನಲ್ಲಿ ಹೊರಟವರಿದ್ದರು. ಸ್ಕ್ರೂಜನು ಅದನ್ನು ಎತ್ತಿ ಕ್ರಿಸ್ಮಸ್ಸಿನ ಭೂತವನ್ನೇ ಪ್ರಶ್ನಿಸುತ್ತಾನೆ. ನಮ್ಮ ಹೆಸರು ಹೇಳಿಕೊಂಡು ಹಗೆಯನ್ನೂ ಅಹಂಕಾರವನ್ನೂ ಸಾಧಿಸುವವರು ನಮಗೆ ಪರಿಚಿತರೇ ಅಲ್ಲ, ಅವರ ಕೃತ್ಯಗಳನ್ನು ಅವರ ಲೆಕ್ಕಕ್ಕೇ ಬರೆಯಿರಿ ಎಂಬರ್ಥದ ಉತ್ತರವನ್ನು ಭೂತ ಕೊಡುತ್ತದೆ. ಮಗೂ, ಆ ಪುಟವನ್ನು ನೀನು ಒಮ್ಮೆ ಓದಬೇಕು.

ನನ್ನ ಮೂರನೆಯ ಪುಸ್ತಕ ಟ್ರೂಮನ್ ಕಪೋಟಿಯ ‘ಎ ಕ್ರಿಸ್ಮಸ್ ಮೆಮೊರಿ’, 1956ರದು. ಅಮೆರಿಕದ ದಕ್ಷಿಣದ ಒಂದು ಹಳ್ಳಿಯಲ್ಲಿ ಏಳು ವರ್ಷದ ಹುಡುಗ, ಅವನ ದೂರದ ಸಂಬಂಧದ ಅರುವತ್ತು ದಾಟಿದ ಅವಿವಾಹಿತೆ. ಇಬ್ಬರೂ ಬಡವರು. ವರ್ಷವಿಡೀ ಚಿಲ್ಲರೆ ಕೂಡಿಟ್ಟು, ಕೊಯ್ಲಾದ ತೋಟದಲ್ಲಿ ಬಿದ್ದುಳಿದ ಬೀಜ ಆಯ್ದು, ಮೂವತ್ತಕ್ಕಿಂತ ಹೆಚ್ಚು ಹಣ್ಣಿನ ಕೇಕುಗಳನ್ನು ಮಾಡುತ್ತಾರೆ. ಯಾರಿಗೆ? ವರ್ಷಕ್ಕೆರಡು ಸಲ ಬರುವ ಸಾಣೆ ಹಿಡಿಯುವವನಿಗೆ, ದಿನವೂ ಕೈಬೀಸಿ ಹೋಗುವ ಬಸ್ಸಿನ ಚಾಲಕನಿಗೆ, ಎಂದೋ ಒಮ್ಮೆ ಕಂಡವರಿಗೆ, ಕಾಣದ ಅಧ್ಯಕ್ಷ ರೂಸ್‌ವೆಲ್ಟನಿಗೆ. ಹುಡುಗನ ರಕ್ತಸಂಬಂಧಿಗಳು ಆ ಪಟ್ಟಿಯಲ್ಲಿ ಹೆಚ್ಚಾಗಿ ಕಾಣುವುದಿಲ್ಲ. ಅವರ ಪಾತ್ರವೆಲ್ಲ ಗದರಿಸುವುದು. ಅದನ್ನು ಓದುವಾಗ ನಮ್ಮ ವಾಟ್ಸಾಪ್ ಬಳಗ ನೆನಪಾಗದಿರುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಕ್ರಿಸ್ಮಸ್ಸಿನ ಮೇಲಿನ ನನ್ನ ತಕರಾರನ್ನೂ ಹೇಳಬೇಕು. ನಾನು ಪಾಠ ಹೇಳಿದ ಶಾಲೆಯೊಂದರಲ್ಲಿ ಡಿಸೆಂಬರ್ ಬಂತೆಂದರೆ ಚಿಕ್ಕ ಮಕ್ಕಳೆಲ್ಲ ಕೆಂಪು ಉಡುಪು ತರಬೇಕೆಂದು ಚೀಟಿ ಹೋಗುತ್ತಿತ್ತು. ಬೀಡಿ ಕಟ್ಟಿ ಮನೆ ನಡೆಸುವ ತಾಯಿಯೊಬ್ಬಳು ತನ್ನ ಕೆಂಪು ಲಂಗವನ್ನು ಕತ್ತರಿಸಿ ಮಗನಿಗೆ ಅಂಗಿ ಹೊಲಿದು ಕಳುಹಿಸಿದ್ದಳು. ಲಂಗದ ಜರಿಯಂಚು ಅವನ ಹೆಗಲಿಗೆ ಬಂದಿತ್ತು, ಮಕ್ಕಳು ನಕ್ಕರು. ಅದಕ್ಕಿಂತ ದೊಡ್ಡ ತಪ್ಪು ನನ್ನದೇ. ಗೋದಲಿಯ ನಾಟಕವನ್ನು ಎಂಟು ವರ್ಷ ನಾನು ಆಡಿಸಿದೆ. ಎಂಟು ವರ್ಷವೂ ಮೇರಿಯ ಪಾತ್ರಕ್ಕೆ ತರಗತಿಯ ಅತ್ಯಂತ ಬೆಳ್ಳಗಿನ ಹುಡುಗಿಯನ್ನು ಆರಿಸಿದೆ. ಕಪ್ಪು ಮಕ್ಕಳೆಲ್ಲ ಕುರುಬರು. ಒಂದು ವರ್ಷ, ಎಲ್ಲರಿಗಿಂತ ಸ್ಪಷ್ಟವಾಗಿ ಮಾತಾಡುತ್ತಿದ್ದ, ಇಡೀ ನಾಟಕವನ್ನೇ ಬಾಯಿಪಾಠ ಮಾಡಿಕೊಂಡಿದ್ದ ಹುಡುಗಿಯೊಬ್ಬಳು “ಟೀಚರ್, ನಾನು ಮೇರಿ ಆಗಲಾ?” ಎಂದು ಕೇಳಿದಳು. ಅವಳನ್ನು ಮೂರನೆಯ ಕುರಿಯಾಗಿಸಿದೆ. ಬೆತ್ಲೆಹೇಮಿನ ಆ ಯೆಹೂದಿ ಹೆಣ್ಣುಮಗಳು ಗುಲಾಬಿ ಬಣ್ಣದವಳಾಗಿರಲಿಲ್ಲವೆಂದು ತಿಳಿಯುವಷ್ಟು ಭೂಗೋಳ ನನಗೆ ಗೊತ್ತಿತ್ತು. ಅವಳು ಇದನ್ನು ಓದುತ್ತಿದ್ದರೆ, ಮಗಳೇ, ಅದು ನನ್ನ ತಪ್ಪು.

ಹಾಗಾದರೆ ಕೇಕನ್ನೇಕೆ ಮಾಡುತ್ತೀಯೆಂದರೆ, ಅದು ಒಂದು ತಟ್ಟೆಯ ಲೆಕ್ಕ.

ನಾನು ಮದುವೆಯಾಗಿ ಈ ಓಣಿಗೆ ಬಂದದ್ದು 1976ರಲ್ಲಿ. ಸೊಂಟದೆತ್ತರದ ಕಲ್ಲುಗೋಡೆಯಾಚೆ ಬಾಯಮ್ಮನವರ ಮನೆ. ಡಿಸೆಂಬರ್ 24ರ ಸಂಜೆ ಆ ಗೋಡೆಯ ಮೇಲಿಂದ ಬಿಳಿ ಬಟ್ಟೆ ಮುಚ್ಚಿದ ತಟ್ಟೆಯಲ್ಲಿ ಕುಸ್ವಾರ್ ಬರುತ್ತಿತ್ತು: ನೆವ್ರಿ, ಗುಳಿಯೊ, ಕಿಡ್ಯೊ, ಚಕ್ಕುಲಿ. ನೆವ್ರಿಯೆಂದರೆ ನಮ್ಮ ಕರ್ಜಿಕಾಯಿಯ ಒಡಹುಟ್ಟು. ಚಕ್ಕುಲಿ ನಮ್ಮ ಅಷ್ಟಮಿಯದೇ. “ಟೀಚರೇ, ಇದಕ್ಕೆ ಯಾವುದಕ್ಕೂ ಮೊಟ್ಟೆ ಮುಟ್ಟಿಸಲಿಲ್ಲ, ಬಾಣಲೆಯೂ ಬೇರೆ” ಎಂದು ಅವರು ಪ್ರತಿ ಸಲವೂ ಹೇಳುತ್ತಿದ್ದರು. ನಮ್ಮ ಮನೆಗೆ ಬೇಕಾದ ಮಡಿಯನ್ನು ಅವರು ತಮ್ಮ ಅಡುಗೆಮನೆಯಲ್ಲಿ ಪಾಲಿಸುತ್ತಿದ್ದರು. ಆದರೂ ನನ್ನ ಅತ್ತೆಯವರು ಆ ತಟ್ಟೆಯನ್ನು ಜಗಲಿಯಿಂದ ಒಳಗೆ ತರಲು ಬಿಟ್ಟವರಲ್ಲ. ಮಕ್ಕಳು ಜಗಲಿಯಲ್ಲೇ ಕುಳಿತು ತಿನ್ನುತ್ತಿದ್ದರು, ಉಳಿದದ್ದು ಕೆಲಸದವಳಿಗೆ. ತಟ್ಟೆಯನ್ನು ಬರಿದಾಗಿ ಹಿಂತಿರುಗಿಸಬಾರದೆಂಬ ನಿಯಮವನ್ನು ಮಾತ್ರ ಅತ್ತೆಯವರು ಎಂದೂ ತಪ್ಪಲಿಲ್ಲ. ಬಾಳೆಹಣ್ಣೋ ಅವಲಕ್ಕಿಯೋ ಹೋಗುತ್ತಿತ್ತು. “ಹಿಂದೆಲ್ಲ ನಾವು ಎಷ್ಟು ಅನ್ಯೋನ್ಯವಾಗಿದ್ದೆವು” ಎಂದು ಸಭೆಗಳಲ್ಲಿ ಕೇಳುವಾಗ ನನಗೆ ಆ ಜಗಲಿ ಕಾಣುತ್ತದೆ. ಅನ್ಯೋನ್ಯತೆಯಿತ್ತು, ಹೊಸ್ತಿಲವರೆಗೆ ಇತ್ತು.

ಕೇಕನ್ನು ಬಾಯಮ್ಮ ನಮಗೆ ಕಳುಹಿಸುತ್ತಿರಲಿಲ್ಲ, ಮೊಟ್ಟೆಯಿರುವುದರಿಂದ. ಅದರ ಪರಿಮಳ ಮಾತ್ರ ಬರುತ್ತಿತ್ತು. ಅವರು ಅಗಲ ಬಾಯಿಯ ಪಾತ್ರೆಯಲ್ಲಿ ಮರಳು ಹಾಸಿ, ಮೇಲೆ ತಗಡು ಮುಚ್ಚಿ, ತಗಡಿನ ಮೇಲೆ ಗೆರಟೆಯ ಕೆಂಡ ಹರಡಿ ಕೇಕು ಬೇಯಿಸುತ್ತಿದ್ದರು. ಅನಂತರ ಕೆಲವು ವರ್ಷ ಹಿಟ್ಟನ್ನು ಕಲಸಿ, ಹೆಸರಿನ ಚೀಟಿ ಅಂಟಿಸಿದ ತಗಡಿನ ಅಚ್ಚುಗಳಲ್ಲಿ ಬೇಕರಿಗೆ ಹೊರಿಸುತ್ತಿದ್ದರು, ಥೇಟು ಕ್ರ್ಯಾಚಿಟ್ಟರಂತೆ.

2008ರ ಸೆಪ್ಟೆಂಬರ್ 14, ಭಾನುವಾರ. ಮಂಗಳೂರಿನಲ್ಲೂ ಸುತ್ತಮುತ್ತಲೂ ಕ್ರೈಸ್ತರ ಪ್ರಾರ್ಥನಾಲಯಗಳ ಮೇಲೆ ದಾಳಿಗಳಾದವು. ಅನಂತರದ ದಿನಗಳಲ್ಲಿ ಪ್ರತಿಭಟನೆ, ಲಾಠಿ, ನಿಷೇಧಾಜ್ಞೆ. ಗೋಡೆಯಾಚೆಯ ಮನೆಯ ಕಿಟಕಿಗಳು ಹಗಲಲ್ಲೂ ಮುಚ್ಚಿದ್ದವು. ನಾನು ಹೋಗಲಿಲ್ಲ. ಮೂವತ್ತೆರಡು ವರ್ಷ ಗೋಡೆಯ ಮೇಲಿಂದ ಮಾತಾಡಿದವಳು, ಒಂದು ಮಾತು ಕೇಳಲು ಹೋಗಲಿಲ್ಲ. ಉತ್ತರಪತ್ರಿಕೆ ತಿದ್ದುವುದಿದೆಯೆಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ, ಏನು ಹೇಳಬೇಕೆಂದು ತೋಚಲಿಲ್ಲ. ಹೋದರೆ ಓಣಿಯವರು ಏನೆಂದುಕೊಳ್ಳುವರೋ ಎಂಬ ಅಳುಕೂ ಇತ್ತು. ಮೂರು ವಾರ ಕಳೆಯಿತು. ಆಮೇಲೆ ಹೋಗಲು ನಾಚಿಕೆ. ಡಿಸೆಂಬರಿನಲ್ಲಿ ತಟ್ಟೆ ಬರಲಾರದೆಂದು ನಿಶ್ಚಯಿಸಿಕೊಂಡಿದ್ದೆ. 24ರ ಸಂಜೆ ಬಂತು. ಅದೇ ಬಿಳಿ ಬಟ್ಟೆ. “ಟೀಚರೇ, ಈ ಸಲ ನೆವ್ರಿ ಸ್ವಲ್ಪ ಕಪ್ಪಾಯಿತು, ಮೊಟ್ಟೆ ಮುಟ್ಟಿಸಲಿಲ್ಲ” ಎಂದರು. ಬೇರೇನೂ ಅನ್ನಲಿಲ್ಲ.

ಮರುವರ್ಷ ನಾನೇ ಗೋಡೆ ಸುತ್ತಿ ಹೋಗಿ, ಕೇಕು ಮಾಡುವುದನ್ನು ಕಲಿಸಿಕೊಡಿ ಎಂದೆ. ಮೊದಲ ಕೇಕು ನಡುವೆ ಕುಸಿಯಿತು, ಸಕ್ಕರೆ ಕಹಿಯಾಯಿತು. ಬಾಯಮ್ಮ ಅದನ್ನು ಬೋರಲು ಹಾಕಿ ಕತ್ತರಿಸಿ, ಎರಡು ತುಂಡು ತಿಂದರು. ಕನ್ನಡ ಬೈಬಲ್ಲೊಂದನ್ನು ಕೊಟ್ಟದ್ದೂ ಅವರೇ. ಓದಿ ಎಂದರೇ ಹೊರತು ನಂಬಿ ಎನ್ನಲಿಲ್ಲ. 2017ರಲ್ಲಿ ತೀರಿಕೊಂಡರು. ಮಕ್ಕಳು ಗಲ್ಫಿನಲ್ಲಿದ್ದಾರೆ, ಮನೆಗೆ ಬೀಗ. ನಾನು ಮಾಡುವ ಕೇಕಿನಲ್ಲಿ ಹಬ್ಬ ಎಷ್ಟಿದೆಯೋ ತಿಳಿಯದು. ಆ ಮೂರು ವಾರವಂತೂ ಇದೆ.

ಹಾಗೆಂದು, ಎಲ್ಲರೂ ಮನೆಯಲ್ಲೇ ಕೇಕು ಮಾಡಿ ಎಂದು ನಾನು ಉಪದೇಶಿಸುವುದಿಲ್ಲ. ಹಬ್ಬದ ಅಡುಗೆಯಲ್ಲಿ ಬೆಂದವರು ಯಾರೆಂದು ಗೊತ್ತಿರುವ ಹೆಂಗಸು ಹಾಗೆ ಹೇಳಲಾರಳು. ಅಂಗಡಿಯಿಂದ ತಂದರೂ ಆದೀತು. ವೇದಿಕೆಯ ಮೇಲೆ ನಾಲ್ಕು ಧರ್ಮದವರು ಸೇರಿ ಒಂದೇ ಚಾಕು ಹಿಡಿದು ಫೋಟೋಕ್ಕೆ ಕತ್ತರಿಸುವ ಕೇಕು ಮಾತ್ರ ನನ್ನ ಗಂಟಲಿನಲ್ಲಿ ಇಳಿಯುವುದಿಲ್ಲ. ಆ ಚಾಕು ಹಿಡಿದವರಲ್ಲಿ ಎಷ್ಟು ಮಂದಿ ಪಕ್ಕದ ಮನೆಯ ಕಿಟಕಿ ಮುಚ್ಚಿದ ದಿನ ಬಾಗಿಲು ತಟ್ಟಿದ್ದರು? ನಾನೂ ತಟ್ಟಿರಲಿಲ್ಲವಾದ್ದರಿಂದ ಕೇಳುವ ಹಕ್ಕು ನನಗೆ ಪೂರ್ತಿಯಾಗಿಲ್ಲ. ಆದರೂ ಕೇಳುತ್ತೇನೆ.

ಈ ವರ್ಷ ನಾಲ್ಕು ಕೇಕುಗಳು. ಒಂದು ನನ್ನ ರಕ್ತದೊತ್ತಡ ನೋಡಲು ಬರುವ ನರ್ಸಮ್ಮನಿಗೆ, ಒಂದು ಹಾಲಿನವನಿಗೆ, ಒಂದು ರಮ್ ತಂದವನಿಗೆ. ನಾಲ್ಕನೆಯದು ತಂಗಿಯ ಮನೆಗೆ. ಮಗೂ, ಅದರಲ್ಲಿ ಮೊಟ್ಟೆಯಿದೆ, ರಮ್ಮೂ ಇದೆ, ಹೇಳಿಯೇ ಕಳುಹಿಸುತ್ತಿದ್ದೇನೆ. ತಿನ್ನುವುದು ಬಿಡುವುದು ನಿನಗೆ ಬಿಟ್ಟದ್ದು, ಜಗಲಿಯಲ್ಲೇ ಇಟ್ಟರೂ ನನಗೆ ಬೇಸರವಿಲ್ಲ. ಸ್ಟೀಲಿನ ಡಬ್ಬಿಯನ್ನು ಹಿಂದಕ್ಕೆ ಕಳುಹಿಸುವಾಗ ಮಾತ್ರ ನಿನ್ನ ಅಮ್ಮನಿಗೆ ಹೇಳಿ ಏನಾದರೂ ಹಾಕಿಸು.